ಬಾತುಗಳು ಹಾರದಂತೆ ನೋಡುವ ವಿದ್ಯೆ: ಸಿಂಗಾನಲ್ಲೂರು ಕೆರೆಯ ಪಾಠ

ಸಿಂಗಾನಲ್ಲೂರು ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ನೆನಪಾಗುವವರು ಡಾ. ರಾಜ್‌ಕುಮಾರ್. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು ಎಂಬುದು ಅವರ ಪೂರ್ಣ ಹೆಸರು. ಆ ಸಿಂಗಾನಲ್ಲೂರು ಕೊಳ್ಳೇಗಾಲದ ಸೀಮೆಯದು. ನಾವು ಇಲ್ಲಿ ಬರೆಯಹೊರಟಿರುವುದು ಕೊಯಮತ್ತೂರು ನಗರದೊಳಗೆ, ತಿರುಚ್ಚಿ ರಸ್ತೆಯ ಮೇಲಿರುವ ಇನ್ನೊಂದು ಸಿಂಗಾನಲ್ಲೂರನ್ನು ಕುರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಮ್ಮ ತಾಳವಾಡಿಯೂ ಈರೋಡು ಪ್ರತ್ಯೇಕ ಜಿಲ್ಲೆಯಾಗುವ ತನಕ ಅದೇ ಜಿಲ್ಲೆಯಲ್ಲಿತ್ತು. ಆದುದರಿಂದ ಈ ಊರು ನಮಗೆ ತೀರ ಹೊರಗಿನದೇನೂ ಅಲ್ಲ.

ಕಳೆದ ಚಳಿಗಾಲದಲ್ಲಿ ನಾವು ಮೂವರು ಶಿಕ್ಷಕರು, ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಹದಿನಾರು ಮಕ್ಕಳನ್ನು ಕರೆದುಕೊಂಡು ಸಿಂಗಾನಲ್ಲೂರಿನ ಕೆರೆಗೆ ಹೋಗಿದ್ದೆವು. ಹಿಂದಿನ ದಿನವೇ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಕೊಯಮತ್ತೂರಿನಲ್ಲಿ ತಂಗಿ, ಬೆಳಗಿನ ನಗರ ಬಸ್ಸಿನಲ್ಲಿ ಹೊರಟೆವು. ಕೆರೆಯ ಏರಿಯನ್ನು ಹತ್ತಿದಾಗ ಸೂರ್ಯ ಇನ್ನೂ ಕೆಂಪಾಗಿದ್ದ. ಸಮೀಪದ ಮೂಲೆಯಲ್ಲಿ, ಜೊಂಡಿನ ಅಂಚಿಗೆ, ಐವತ್ತು ಅರವತ್ತು ಬಾತುಗಳು ಸದ್ದಿಲ್ಲದೆ ಮೇಯುತ್ತಿದ್ದವು. ನಮ್ಮಲ್ಲೊಬ್ಬರ ಕೈಯಲ್ಲಿದ್ದ ಮೊಬೈಲನ್ನು ಪಡೆದುಕೊಂಡ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇನ್ನಷ್ಟು ಹತ್ತಿರದ ಚಿತ್ರ ಬೇಕೆಂದು ಏರಿಯಿಂದ ಕೆಳಕ್ಕೆ ಓಡಿದ. ಬಾತುಗಳೆಲ್ಲ ಒಮ್ಮೆಲೇ ಎದ್ದವು. ಅವನಿಗೆ ದೊರೆತ ಚಿತ್ರದಲ್ಲಿ ಅಲುಗಾಡುವ ನೀರು ಮತ್ತು ಆಕಾಶದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿದ್ದವು.

ಏರಿಯ ಮೇಲೆ ನಡೆದಾಡುತ್ತಿದ್ದ ಹಿರಿಯರೊಬ್ಬರು ನಮ್ಮ ಮಾತನ್ನು ಕೇಳಿ ನಿಂತರು. ದೇವಾಂಗ ನೇಕಾರ ಮನೆತನದವರು; ಮನೆಮಾತು ಕನ್ನಡ, ಓದಿದ್ದು ತಮಿಳು. "ಓಡಿ ಹೋದ್ರೆ ಯಾವ ಜೀವ ನಿಂತೀತಪ್ಪಾ? ಸುಮ್ನೆ ಕೂತ್ಕೋ" ಎಂದು ಹುಡುಗನಿಗೆ ಹೇಳಿ ಮುಂದೆ ನಡೆದರು. ನಾವು ಮುಕ್ಕಾಲು ಗಂಟೆ ಕಾದರೂ ಬಾತುಗಳು ಆ ಮೂಲೆಗೆ ಮರಳಲಿಲ್ಲ. ತಪ್ಪು ಹುಡುಗನದಲ್ಲ, ನಮ್ಮದು. ಹೇಗೆ ನೋಡಬೇಕೆಂಬುದನ್ನು ಮೊದಲೇ ಕಲಿಸದೆ ಅವನ ಕೈಗೆ ಮೊಬೈಲನ್ನು ಕೊಟ್ಟಿದ್ದೆವು. ಆ ಬೆಳಿಗ್ಗೆ ಹೇಳಬೇಕಾಗಿದ್ದ ಪಾಠವನ್ನು ನಮ್ಮ ಓದುಗ ಕುಟುಂಬಗಳ ಮುಂದೆ ಈಗ ಇಡುತ್ತಿದ್ದೇವೆ.

ನೊಯ್ಯಲ್ ನದಿಯ ಕೆರೆಸಾಲು

ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ನೊಯ್ಯಲ್ ನದಿ ಹುಟ್ಟುತ್ತದೆ. ಕೊಯಮತ್ತೂರು ಮತ್ತು ತಿರುಪ್ಪೂರುಗಳನ್ನು ಹಾದು, ಕರೂರು ಜಿಲ್ಲೆಯಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಇದು ವರ್ಷವಿಡೀ ತುಂಬಿ ಹರಿಯುವ ನದಿಯಲ್ಲ. ಮಳೆಗಾಲದ ನೀರನ್ನು ಹಿಡಿದಿಡಲು ಹಿಂದಿನವರು ನದಿಗೆ ಅಲ್ಲಲ್ಲಿ ಅಣೆಕಟ್ಟೆ ಕಟ್ಟಿ, ಕಾಲುವೆ ತೋಡಿ, ಸಾಲುಸಾಲಾಗಿ ಕೆರೆಗಳನ್ನು ನಿರ್ಮಿಸಿದರು. ಕೃಷ್ಣಾಂಪತಿ, ಸೆಲ್ವಾಂಪತಿ, ಉಕ್ಕಡಂನ ದೊಡ್ಡಕೆರೆ, ವಾಲಾಂಕುಳಂ, ಕುರಿಚ್ಚಿ ಮುಂತಾದವು ಈ ಬಗೆಯವು. ನಗರದ ಪೂರ್ವಭಾಗದಲ್ಲಿರುವ ಸಿಂಗಾನಲ್ಲೂರು ಕೆರೆಯ ವಿಸ್ತಾರ ಸುಮಾರು 288 ಎಕರೆ. ಅಂದ ಹಾಗೆ, ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಈ ವ್ಯತ್ಯಾಸವನ್ನು ತಿಳಿದು ನಮ್ಮ ಮಕ್ಕಳು ಬಹಳ ಹೊತ್ತು ನಕ್ಕರು.

ನಗರದ ಕೆಳಭಾಗದಲ್ಲಿರುವುದರಿಂದ ಮಳೆನೀರಿನೊಂದಿಗೆ ಊರಿನ ಕೊಳಚೆಯೂ ಪ್ಲಾಸ್ಟಿಕ್ಕೂ ಈ ಕೆರೆಗೆ ಬಂದು ಸೇರುತ್ತವೆ. ಕೊಳಚೆಯ ಸಾರವನ್ನು ಹೀರಿ, ತಿಳಿನೇರಳೆ ಹೂ ಬಿಡುವ ಜಲಕಳೆಯೊಂದು ನೀರಿನ ಮೇಲೆ ಚಾಪೆಯಂತೆ ಹಬ್ಬುತ್ತದೆ. ತಮಿಳಿನಲ್ಲಿ ಅದನ್ನು ಆಗಾಯ ತಾಮರೈ ಎನ್ನುತ್ತಾರೆ. ಹೀಗಿದ್ದೂ ಈ ಕೆರೆಯಲ್ಲಿ ಹಕ್ಕಿ, ಚಿಟ್ಟೆ, ಆಮೆ, ಗಿಡಮರಗಳು ಹೇರಳವಾಗಿವೆ ಎಂಬುದನ್ನು ಆಸಕ್ತರು ವರ್ಷಗಳ ಕಾಲ ನೋಡಿ ಬರೆದಿಟ್ಟ ಮೇಲೆ, 2017ರಲ್ಲಿ ಕೊಯಮತ್ತೂರು ನಗರಪಾಲಿಕೆಯು ಇದನ್ನು ನಗರ ಜೀವವೈವಿಧ್ಯ ಸಂರಕ್ಷಣಾ ವಲಯವೆಂದು ಸಾರಿತು. ಬರೆದಿಟ್ಟ ದಾಖಲೆ ಇದ್ದುದರಿಂದಲೇ ಹೀಗೆ ಸಾರಲು ಆಧಾರ ದೊರೆಯಿತು.

ನೀರಿನ ಮೇಲೆ ತೇಲುವುದೆಲ್ಲ ಬಾತಲ್ಲ

ಮಕ್ಕಳು ಮೊದಲು ಕಲಿಯಬೇಕಾದುದು ಬಾತು ಯಾವುದು, ಅಲ್ಲದ್ದು ಯಾವುದು ಎಂಬುದನ್ನು. ಮೈಯೆಲ್ಲ ಕಪ್ಪಾಗಿದ್ದು ಹಣೆಯ ಮೇಲೆ ಬಿಳಿಯ ನಾಮವಿರುವುದು ನಾಮದ ಕೋಳಿ. ಅದರ ಕೊಕ್ಕು ಕೋಳಿಯದರಂತೆ ಚೂಪಾಗಿರುತ್ತದೆ. ಅಂಗೈಯಷ್ಟಿದ್ದು, ನೋಡನೋಡುತ್ತಿದ್ದಂತೆ ಮುಳುಗಿ ಇನ್ನೆಲ್ಲೋ ಮೇಲೇಳುವುದು ಗುಳುಮುಳುಕ. ಉದ್ದ ಕತ್ತಿನ, ಮುಳುಗಿ ಮೀನು ಹಿಡಿದು, ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ನೀರುಕಾಗೆ. ಈ ಮೂರೂ ಬಾತುಗಳಲ್ಲ. ಬಾತಿನ ಕೊಕ್ಕು ಚಪ್ಪಟೆಯಾಗಿ, ತುದಿಯಲ್ಲಿ ದುಂಡಗಿರುತ್ತದೆ. ಮುಂದಿನ ಮೂರು ಬೆರಳುಗಳ ನಡುವೆ ಪೂರ್ಣ ಜಾಲಪೊರೆ ಇರುತ್ತದೆ.

ನಮ್ಮ ಕಡೆಯ ಕೆರೆಗಳಲ್ಲಿ ವರ್ಷವಿಡೀ ಇರುವ ಬಾತು ಚುಕ್ಕೆ ಕೊಕ್ಕಿನ ಬಾತು. ಕಪ್ಪು ಕೊಕ್ಕಿನ ತುದಿ ಅರಿಸಿನದಂತೆ ಹಳದಿ. ಕೊಕ್ಕಿನ ಬುಡದಲ್ಲಿ ಕೆಂಪು ಚುಕ್ಕೆ. ಕಾಲುಗಳು ಕೆಂಪು. ಗಂಡು ಹೆಣ್ಣುಗಳು ನೋಡಲು ಹೆಚ್ಚುಕಡಿಮೆ ಒಂದೇ ತೆರ. ನಾವು ಹಾರಿಸಿದ್ದು ಇವನ್ನೇ. ಇನ್ನೊಂದು ಸ್ಥಳೀಯ ಬಾತು ಶಿಳ್ಳೆ ಬಾತು. ಕಂದು ಬಣ್ಣದ, ಗಾತ್ರದಲ್ಲಿ ಚಿಕ್ಕದಾದ ಇದು ಹಾರುವಾಗ ಶಿಳ್ಳೆ ಹೊಡೆದಂತೆ ಕೂಗುತ್ತದೆ. ಮರದ ಪೊಟರೆಯಲ್ಲಿಯೂ ಗೂಡು ಕಟ್ಟುತ್ತದೆ ಎಂದರೆ ಮಕ್ಕಳಿಗೆ ಮೊದಲು ನಂಬಿಕೆಯಾಗುವುದಿಲ್ಲ.

ಚಳಿಗಾಲದ ಅತಿಥಿಗಳು ಬೇರೆ. ಮಧ್ಯ ಏಷ್ಯಾ ಮತ್ತು ಸೈಬೀರಿಯದ ಕಡೆಯಿಂದ ಅಕ್ಟೋಬರ್ ನವೆಂಬರ್ ಹೊತ್ತಿಗೆ ಬಂದು, ಮಾರ್ಚ್ ಏಪ್ರಿಲ್ ಹೊತ್ತಿಗೆ ಹಿಂತಿರುಗುವ ಮೂರು ಬಾತುಗಳನ್ನು ಕೊಯಮತ್ತೂರು, ತಿರುಪ್ಪೂರು ಭಾಗದ ಕೆರೆಗಳಲ್ಲಿ ಮುಖ್ಯವಾಗಿ ಕಾಣಬಹುದು. ಇಂಗ್ಲಿಷ್ ಪುಸ್ತಕಗಳಲ್ಲಿ ಪಿನ್‌ಟೇಲ್ ಎಂದಿರುವುದು ಸೂಜಿಬಾಲದ ಬಾತು: ಗಂಡಿಗೆ ಕಂದು ತಲೆ, ಬಿಳಿಯ ಕತ್ತು, ಸೂಜಿಯಂತೆ ಚಾಚಿದ ಬಾಲ. ಗಾರ್ಗನಿ ಎಂದಿರುವುದು ಬಿಳಿಹುಬ್ಬಿನ ಬಾತು: ಗಂಡಿನ ಕಣ್ಣಿನ ಮೇಲೆ ಕತ್ತಿನವರೆಗೆ ಇಳಿಯುವ ಬಿಳಿಯ ಹುಬ್ಬು. ಶೊವೆಲರ್ ಎಂದಿರುವುದು ಸಲಿಕೆ ಕೊಕ್ಕಿನ ಬಾತು: ತಲೆಗಿಂತ ದೊಡ್ಡದೆನಿಸುವ ಅಗಲ ಕೊಕ್ಕು. ಆ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಸೂಕ್ಷ್ಮ ಸಾಲು ಇರುತ್ತದೆ. ನೀರನ್ನು ಒಳಗೆಳೆದು ಹೊರಗೆ ಬಿಡುವಾಗ ಸಣ್ಣ ಜೀವಿಗಳೂ ಬೀಜಗಳೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಮನೆಯಲ್ಲಿ ಚಹ ಸೋಸುವ ಜರಡಿಯ ಕೆಲಸವೇ ಇದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂತಾನ ಋತು ಮುಗಿದ ಮೇಲೆ ಗಂಡು ಬಾತುಗಳು ತಮ್ಮ ಬಣ್ಣದ ಗರಿಗಳನ್ನು ಉದುರಿಸಿ, ಕೆಲವು ತಿಂಗಳ ಕಾಲ ಹೆಣ್ಣಿನಂತೆಯೇ ಮಾಸಲು ಬಣ್ಣದಲ್ಲಿರುತ್ತವೆ. ಅಕ್ಟೋಬರಿನಲ್ಲಿ ನಮ್ಮ ಕೆರೆಗೆ ಇಳಿಯುವಾಗ ಅನೇಕ ಗಂಡುಗಳು ಇದೇ ವೇಷದಲ್ಲಿರುವುದುಂಟು. ಪುಸ್ತಕದಲ್ಲಿನ ಚಿತ್ರಕ್ಕೂ ಕೆರೆಯಲ್ಲಿನ ಹಕ್ಕಿಗೂ ಹೊಂದಿಕೆಯಾಗುತ್ತಿಲ್ಲವೆಂದು ಮಗು ಹೇಳಿದರೆ ಅದನ್ನು ಗದರಿಸಬಾರದು. ಕೊಕ್ಕಿನ ಆಕಾರ, ರೆಕ್ಕೆಯ ಮೇಲಿನ ಪಟ್ಟಿ, ಮೈಯ ಗಾತ್ರ ಇವು ಬಣ್ಣಕ್ಕಿಂತ ನಂಬಿಕೆಯ ಗುರುತುಗಳು. ಡಿಸೆಂಬರ್ ಜನವರಿಯಲ್ಲಿ ಹೋದರೆ ಗಂಡುಗಳು ಮತ್ತೆ ಬಣ್ಣ ತಳೆದಿರುವುದರಿಂದ ಗುರುತಿಸುವುದು ಸುಲಭ.

ಹಾರಿದರೆ ಬಾತಿಗೆ ಏನು ನಷ್ಟ?

"ಹಾರಿದರೆ ಮತ್ತೆಲ್ಲಾದರೂ ಕೂರುತ್ತವಲ್ಲ, ಸರ್?" ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ಉತ್ತರ ಬಾತಿನ ದೇಹದಲ್ಲಿದೆ. ದೇಹದ ಭಾರಕ್ಕೆ ಹೋಲಿಸಿದರೆ ಬಾತಿನ ರೆಕ್ಕೆ ಚಿಕ್ಕದು. ಹದ್ದಿನಂತೆ ಗಾಳಿಯಲ್ಲಿ ತೇಲಲು ಅದಕ್ಕೆ ಆಗದು. ಎಡೆಬಿಡದೆ ರೆಕ್ಕೆ ಬಡಿಯಲೇಬೇಕು. ತೇಲಿಕೊಂಡು ವಿಶ್ರಮಿಸುವಾಗ ಬೇಕಾಗುವ ಶಕ್ತಿಯ ಹಲವು ಪಟ್ಟು ಶಕ್ತಿ ಹಾರಾಟಕ್ಕೆ ವೆಚ್ಚವಾಗುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಇಲ್ಲಿ ತಂಗುವ ನಾಲ್ಕೈದು ತಿಂಗಳಲ್ಲಿ ಕೊಬ್ಬನ್ನು ಮತ್ತೆ ಕೂಡಿಸಿಕೊಳ್ಳಬೇಕು; ಮರಳುವ ಪ್ರಯಾಣಕ್ಕೆ ಅದೇ ಬುತ್ತಿ. ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಹತ್ತು ಸಲ ಆ ಬುತ್ತಿಗೆ ಕೈ ಹಾಕಿದಂತಾಗುತ್ತದೆ. ಮೇಯುವ ಹೊತ್ತೂ ಅಷ್ಟೇ ಕಳೆದುಹೋಗುತ್ತದೆ.

ಬಾತುಗಳು ನಿದ್ರೆಯಲ್ಲಿಯೂ ಎಚ್ಚರವಾಗಿರುತ್ತವೆ. ಸಾಲಾಗಿ ಮಲಗಿದ ಮಲ್ಲಾರ್ಡ್ ಎಂಬ ಬಾತುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 1999ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ಸಾಲಿನ ತುದಿಯಲ್ಲಿರುವ ಬಾತು ಮಿದುಳಿನ ಅರ್ಧವನ್ನು ಎಚ್ಚರವಾಗಿಟ್ಟು, ಹೊರಬದಿಯ ಕಣ್ಣನ್ನು ತೆರೆದುಕೊಂಡು ಮಲಗುತ್ತದೆ. ನಡುವಿನವು ಎರಡೂ ಕಣ್ಣು ಮುಚ್ಚುವುದು ಹೆಚ್ಚು. ಆದುದರಿಂದ ನಮ್ಮ ಕೆರೆಯ ಬಾತುಗಳೂ ನಾವು ಅವುಗಳನ್ನು ಕಾಣುವ ಮೊದಲೇ ನಮ್ಮನ್ನು ಕಂಡಿರುತ್ತವೆ ಎಂದು ತಿಳಿದು ನಡೆಯುವುದೇ ಸರಿ.

ಭಯದ ಲಕ್ಷಣಗಳನ್ನು ಓದಲು ಕಲಿತರೆ ಹಾರಾಟವನ್ನು ತಪ್ಪಿಸಬಹುದು. ಅವು ಸಾಮಾನ್ಯವಾಗಿ ಈ ಕ್ರಮದಲ್ಲಿ ತೋರುತ್ತವೆ. ಮೊದಲು ಮೇಯುವುದು ನಿಲ್ಲುತ್ತದೆ. ಬಳಿಕ ಒಂದೊಂದಾಗಿ ಕತ್ತುಗಳು ನೆಟ್ಟಗಾಗುತ್ತವೆ. ಆಮೇಲೆ ಎಲ್ಲವೂ ಒಂದೇ ದಿಕ್ಕಿಗೆ, ನಮ್ಮಿಂದ ದೂರಕ್ಕೆ, ನಿಧಾನವಾಗಿ ಈಜತೊಡಗುತ್ತವೆ. ಕೊನೆಗೆ ತಲೆಗಳು ಮೇಲಕ್ಕೂ ಕೆಳಕ್ಕೂ ಅಲುಗಾಡುತ್ತವೆ. ಮರುಕ್ಷಣ ಹಾರಾಟ. ಕತ್ತುಗಳು ನೆಟ್ಟಗಾದೊಡನೆ ನಾವು ನಿಂತಲ್ಲಿಯೇ ನಿಲ್ಲಬೇಕು. ಅವು ಮತ್ತೆ ಮೇಯಲಾರಂಭಿಸಿದರೆ ಅಲ್ಲಿಯೇ ಕುಳಿತುಕೊಳ್ಳಬೇಕು. ಮೇಯದಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಇದಕ್ಕೆ ಇಷ್ಟೇ ಮೀಟರ್ ಎಂಬ ಲೆಕ್ಕವಿಲ್ಲ. ಜನಸಂಚಾರಕ್ಕೆ ಒಗ್ಗಿದ ನಗರದ ಕೆರೆಯಲ್ಲಿ ಅಂತರ ಕಡಿಮೆ ಸಾಕಾದೀತು. ಹಳ್ಳಿಯ ಕೆರೆಯಲ್ಲಿ ಬಹಳ ಬೇಕಾದೀತು.

ಇನ್ನೊಂದು ಮಾತು. ಬಾತುಗಳಿಗೆ ಬ್ರೆಡ್ಡು, ಬಿಸ್ಕತ್ತು, ಪುರಿ ಎಸೆಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬಾರದು. ಅದರಲ್ಲಿ ಅವುಗಳಿಗೆ ಬೇಕಾದ ಪೋಷಣೆ ಇಲ್ಲ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆಯುತ್ತದೆ. ಕೊಳೆತ ನೀರಿನಲ್ಲಿಯೂ ಸತ್ತ ಜೀವಿಗಳಲ್ಲಿಯೂ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣುವಿನ ವಿಷದಿಂದ 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತವು. ಸಾಬೂನಿನ ನೀರೂ ಕೇಡು. ಬಾತು ತನ್ನ ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಎಣ್ಣೆಯನ್ನು ಕೊಕ್ಕಿಗೆ ತೆಗೆದುಕೊಂಡು ಗರಿಗಳಿಗೆ ಸವರಿಕೊಳ್ಳುತ್ತದೆ. ಗರಿ ನೆನೆಯದಿರಲು ಅದೂ ಒಂದು ಕಾರಣ. ಪಾತ್ರೆಯ ಜಿಡ್ಡನ್ನು ತೆಗೆಯುವ ಸಾಬೂನು ಗರಿಯ ಜಿಡ್ಡನ್ನೂ ತೆಗೆಯುತ್ತದೆ.

ಚಿತ್ರ ತೆಗೆಯುವ ಕ್ರಮ

ಚಿತ್ರ ತೆಗೆಯಬೇಡಿರೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಚಿತ್ರವೊಂದು ಗುರುತಿಸುವುದಕ್ಕೂ ನೆನಪಿಗೂ ನೆರವಾಗುತ್ತದೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆಯುವುದರಲ್ಲಿ ವರ್ಷಗಳನ್ನೇ ಕಳೆದರು. "ಕನ್ನಡ ನಾಡಿನ ಹಕ್ಕಿಗಳು" ಮತ್ತು "ಹಕ್ಕಿಪುಕ್ಕ" ಪುಸ್ತಕಗಳನ್ನು ಕನ್ನಡದ ಮಕ್ಕಳಿಗೆ ಬಿಟ್ಟುಹೋದರು. ದುಬಾರಿ ಕ್ಯಾಮೆರಾ ಇಲ್ಲವೆಂದು ನಮ್ಮ ಮಕ್ಕಳು ಕೊರಗಬೇಕಾಗಿಲ್ಲ. ಕೆಳಗಿನ ಕ್ರಮವನ್ನು ಪಾಲಿಸಿದರೆ ಸಾಮಾನ್ಯ ಸಲಕರಣೆಯಲ್ಲಿಯೂ ಉಪಯುಕ್ತ ಚಿತ್ರ ದೊರೆಯುತ್ತದೆ.

ಒಂದು: ಸೂರ್ಯ ನಮ್ಮ ಬೆನ್ನಿಗಿರುವಂತೆ ನಿಲ್ಲಬೇಕು. ಬೆಳಿಗ್ಗೆ ಕೆರೆಯ ಪೂರ್ವದ ದಡದಲ್ಲಿ, ಸಂಜೆ ಪಶ್ಚಿಮದ ದಡದಲ್ಲಿ. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪು ನೆರಳುಗಳೇ.

ಎರಡು: ನಿಲ್ಲುವುದಕ್ಕಿಂತ ಕುಳಿತುಕೊಳ್ಳುವುದು ಮೇಲು. ಆಕಾಶದೆದುರು ಎದ್ದು ಕಾಣುವ ಮನುಷ್ಯಾಕೃತಿಗೆ ಹಕ್ಕಿ ಅಂಜುತ್ತದೆ. ಕುಳಿತಾಗ ಕ್ಯಾಮೆರಾ ನೀರಿನ ಮಟ್ಟಕ್ಕೆ ಸಮೀಪವಾಗಿ, ಬಾತಿನ ಕಣ್ಣೂ ನಮ್ಮ ಕಣ್ಣೂ ಒಂದೇ ಸಮಕ್ಕೆ ಬರುತ್ತವೆ. ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ನೀರಿನ ಅಂಚಿಗೆ, ಜಾರುವ ಇಳಿಜಾರಿಗೆ, ಕೆಸರಿಗೆ ಮಕ್ಕಳು ಇಳಿಯಕೂಡದು. ಹಿರಿಯರಿಲ್ಲದೆ ಯಾವ ಮಗುವೂ ಕೆರೆಗೆ ಹೋಗಕೂಡದು. ಇದು ಬಾತಿನ ವಿಷಯವಲ್ಲ, ಪ್ರಾಣದ ವಿಷಯ.

ಮೂರು: ಕ್ಯಾಮೆರಾ ಇದ್ದವರು ಕಣ್ಣಿನ ಮೇಲೆ ಫೋಕಸ್ ಮಾಡಬೇಕು. ತೇಲುವ ಬಾತಿಗೆ ಸೆಕೆಂಡಿನ 250ರಲ್ಲಿ ಒಂದು ಭಾಗದ ವೇಗ ಸಾಕು. ತಾನಾಗಿ ಹಾರುವ ಬಾತಿಗೆ 1000ದಲ್ಲಿ ಒಂದು ಭಾಗಕ್ಕಿಂತ ಹೆಚ್ಚಿನ ವೇಗ ಬೇಕು. ಫ್ಲ್ಯಾಶ್ ಬೇಡ.

ನಾಲ್ಕು: ಮೊಬೈಲಿನ ಝೂಮನ್ನು ಎಳೆದಷ್ಟೂ ಚಿತ್ರ ಒಡೆಯುತ್ತದೆ. ಬದಲಿಗೆ ದುರ್ಬೀನಿನ ಒಂದು ಕಣ್ಣಿಗೆ ಮೊಬೈಲಿನ ಮಸೂರವನ್ನು ಒತ್ತಿಹಿಡಿದು ತೆಗೆಯಬಹುದು. ನಾಲ್ಕು ಸಲ ತಪ್ಪುತ್ತದೆ, ಐದನೆಯ ಸಲ ಕೈ ಕೂಡುತ್ತದೆ. ದುರ್ಬೀನಿನ ಮೇಲೆ 8x42 ಎಂದಿದ್ದರೆ, ವಸ್ತುವನ್ನು 8 ಪಟ್ಟು ಸಮೀಪ ತೋರಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿಲಿಮೀಟರ್ ಎಂದರ್ಥ. ಶಾಲೆಗೆ ಒಂದೇ ಒಂದು ದುರ್ಬೀನು ಕೊಳ್ಳುವುದಾದರೆ ಈ ಅಳತೆಯದು ಉತ್ತಮ. ಹತ್ತು ಕ್ಯಾಮೆರಾಗಳಿಗಿಂತ ಒಂದು ದುರ್ಬೀನು ಶಾಲೆಗೆ ಹೆಚ್ಚು ಪ್ರಯೋಜನಕಾರಿ ಎಂಬುದು ನಮ್ಮ ಅನುಭವ.

ಐದು: ಗೂಡಿನ ಚಿತ್ರ ಬೇಡ, ಮರಿಗಳನ್ನು ಹಿಂಬಾಲಿಸುವುದು ಬೇಡ, ಡ್ರೋನ್ ಬೇಡ, ಕಲ್ಲೆಸೆದು ಹಾರಿಸಿ ಹಾರುವ ಚಿತ್ರ ತೆಗೆಯುವುದು ಖಂಡಿತ ಬೇಡ. ಕಾಡುಬಾತುಗಳನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಚಿತ್ರಕ್ಕಿಂತ ಮೊದಲು ಲೆಕ್ಕ

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಚಿತ್ರವು ಒಂದು ಬಾತನ್ನು ತೋರಿಸುತ್ತದೆ. ಕೆರೆಯನ್ನು ಉಳಿಸುವಾಗ ಕೇಳುವ ಪ್ರಶ್ನೆ ಬೇರೆ: ಎಷ್ಟು ಬಾತುಗಳು, ಯಾವ ತಿಂಗಳಲ್ಲಿ, ಎಷ್ಟು ವರ್ಷಗಳಿಂದ?

ಇದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆಯ ನಿಯಮಗಳು ಜೌಗು ಪ್ರದೇಶದಲ್ಲಿ ಕಸ ಸುರಿಯುವುದನ್ನೂ ಶುದ್ಧೀಕರಿಸದ ಕೊಳಚೆ ಬಿಡುವುದನ್ನೂ ನಿಷೇಧಿಸುತ್ತವೆ. ಆದರೆ ಅದೇ ನಿಯಮಗಳ ವ್ಯಾಖ್ಯೆಯು ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಹೊರಗಿಡುತ್ತದೆ. ದಕ್ಷಿಣ ಭಾರತದ ಕೆರೆಗಳಲ್ಲಿ ಬಹುಪಾಲು ಹೀಗೆ ಕಟ್ಟಿದವೇ. ಆದುದರಿಂದ ಒಂದು ಕೆರೆಗೆ ರಕ್ಷಣೆ ದೊರೆಯಬೇಕಾದರೆ ಅದು ಹಕ್ಕಿಗಳ ನೆಲೆಯೆಂಬುದನ್ನು ಬೇರೆಯಾಗಿ ಸಾಧಿಸಿ ತೋರಿಸಬೇಕಾಗುತ್ತದೆ.

ಸಾಧಿಸಿದ ಉದಾಹರಣೆ ಪಕ್ಕದಲ್ಲಿಯೇ ಇದೆ. ತಿರುಪ್ಪೂರಿನ ಹೊರವಲಯದ ನಂಜರಾಯನ್ ಕೆರೆಯೂ ನೊಯ್ಯಲ್ ಜಲಾನಯನದ ಕಟ್ಟಿದ ಕೆರೆಯೇ; ಹೆಸರು ಕನ್ನಡದ ಕಿವಿಗೆ ಅಪರಿಚಿತವಲ್ಲ. ವಿಸ್ತಾರ ಸುಮಾರು 125 ಹೆಕ್ಟೇರ್. ಬನಿಯನ್ ಮತ್ತು ಬಣ್ಣದ ಕಾರ್ಖಾನೆಗಳ ಪಟ್ಟಣದ ಮಗ್ಗುಲಲ್ಲಿದ್ದೂ ಅದು ತಮಿಳುನಾಡಿನ 17ನೆಯ ಪಕ್ಷಿಧಾಮವಾಯಿತು. 2024ರ ಆಗಸ್ಟಿನಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಅಲ್ಲಿ ಕಂಡುಬಂದಿದೆ. ಕರ್ನಾಟಕದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಇದೇ ಹೆಬ್ಬಾತುಗಳಿಗೆ ಹೆಸರಾಗಿದ್ದು, ಅದೂ 2024ರಲ್ಲಿ ರಾಮ್ಸರ್ ತಾಣವಾಯಿತು. ರಾಮ್ಸರ್ ಒಪ್ಪಂದದ ಮಾನದಂಡಗಳಲ್ಲಿ ಎರಡು ನೇರವಾಗಿ ಎಣಿಕೆಗೆ ಸಂಬಂಧಿಸಿದವು: ತಾಣವು ನಿಯತವಾಗಿ 20,000 ಅಥವಾ ಹೆಚ್ಚು ನೀರುಹಕ್ಕಿಗಳಿಗೆ ಆಸರೆಯಾಗಿರಬೇಕು, ಇಲ್ಲವೇ ಒಂದು ಜಾತಿಯ ಒಟ್ಟು ಸಂಖ್ಯೆಯ ನೂರರಲ್ಲಿ ಒಂದು ಭಾಗವಾದರೂ ಅಲ್ಲಿರಬೇಕು. ಯಾರಾದರೂ ಕುಳಿತು ಎಣಿಸದಿದ್ದರೆ ಈ ಮಾತನ್ನು ಹೇಳಲು ಬರುವುದಿಲ್ಲ. ನಮ್ಮೂರ ಸಣ್ಣ ಕೆರೆಗಳು ಅಷ್ಟು ದೂರ ಹೋಗದಿರಬಹುದು. ಆದರೆ ಒತ್ತುವರಿಯ ವಿಷಯ ಪಂಚಾಯಿತಿಯ ಮುಂದೆ ಬಂದಾಗ, ಐದು ವರ್ಷಗಳ ಲೆಕ್ಕವಿರುವ ಪುಸ್ತಕಕ್ಕೂ "ಮೊದಲೆಲ್ಲ ತುಂಬಾ ಹಕ್ಕಿ ಬರುತ್ತಿತ್ತು" ಎಂಬ ಮಾತಿಗೂ ತೂಕದಲ್ಲಿ ಬಹಳ ಅಂತರವಿದೆ.

ಎಣಿಸುವ ವಿಧಾನ ಸರಳ. ಹಿಂಡು ಚಿಕ್ಕದಾದರೆ ಒಂದೊಂದಾಗಿ ಎಣಿಸುವುದು. ದೊಡ್ಡದಾದರೆ ಒಂದು ಬದಿಯಿಂದ ಹತ್ತನ್ನು ಎಣಿಸಿ, ಆ ಹತ್ತು ನೀರಿನ ಮೇಲೆ ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಲ್ಲಿ ಅಳೆದು, ಉಳಿದ ಹಿಂಡನ್ನು ಅದೇ ಅಳತೆಯಿಂದ ಅಳೆಯುವುದು. ಮೂವರು ಬೇರೆಬೇರೆಯಾಗಿ ಎಣಿಸಿ ಆಮೇಲೆ ಹೋಲಿಸಬೇಕು. ಗಣಿತದ ಸರಾಸರಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆತಿಲ್ಲ.

ಪ್ರತಿವರ್ಷ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಇದು 1987ರಲ್ಲಿ ಆರಂಭವಾಯಿತು. ತಮಿಳುನಾಡಿನ ಹಕ್ಕಿವೀಕ್ಷಕರು ಸಂಕ್ರಾಂತಿಯ ದಿನಗಳಲ್ಲಿ ಪೊಂಗಲ್ ಹಕ್ಕಿ ಎಣಿಕೆಯನ್ನು ನಡೆಸುತ್ತಾರೆ. ಯಾರು ಬೇಕಾದರೂ ತಮ್ಮೂರ ಕೆರೆಯ ಬಳಿ ನಿಂತು ಎಣಿಸಿ, ಇ-ಬರ್ಡ್ ಎಂಬ ಜಾಲತಾಣದಲ್ಲಿ ಉಚಿತವಾಗಿ ದಾಖಲಿಸಬಹುದು. ಕೊಯಮತ್ತೂರು ಜಿಲ್ಲೆಯ ಆನೈಕಟ್ಟಿಯಲ್ಲಿ 1990ರಿಂದ ಸಲೀಂ ಅಲಿಯವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರವಿದೆ. ರಂಗನತಿಟ್ಟನ್ನು ಪಕ್ಷಿಧಾಮವಾಗಿಸುವಂತೆ 1940ರಲ್ಲಿ ಮೈಸೂರಿನ ಅರಸರ ಮನವೊಲಿಸಿದವರು ಇದೇ ಸಲೀಂ ಅಲಿಯವರು. ಅವರ ಕೆಲಸಕ್ಕೂ ಆಧಾರ ನೋಡಿದ್ದನ್ನು ಅಂದಂದೇ ಬರೆದಿಟ್ಟ ಟಿಪ್ಪಣಿ.

ಪುಸ್ತಕ ಕನ್ನಡದಲ್ಲಿರಲಿ

ನಮ್ಮ ಮಕ್ಕಳಿಗೆ ಒಂದು ಸಾಮಾನ್ಯ ನೋಟುಪುಸ್ತಕ ಸಾಕು. ಪ್ರತಿ ಭೇಟಿಗೆ ಒಂದು ಪುಟ. ದಿನಾಂಕ, ಹೊತ್ತು, ಕೆರೆಯ ಹೆಸರು, ನೀರು ಎಷ್ಟಿತ್ತು, ಬಿಸಿಲೋ ಮೋಡವೋ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿದ್ದವು, ನಮ್ಮಿಂದ ಹಾರಿದವೇ ಇಲ್ಲವೇ. ಕೊನೆಯ ಕಲಮನ್ನು ತಪ್ಪದೆ ತುಂಬಿಸಬೇಕು. ಹೆಸರು ತಿಳಿಯದಿದ್ದರೆ "ಕಂದು ಬಾತು, ಕಣ್ಣಿನ ಮೇಲೆ ಬಿಳಿ ಗೆರೆ" ಎಂದು ಕಂಡಷ್ಟನ್ನು ಬರೆಯಬೇಕು. ಊಹಿಸಿ ಹೆಸರು ಬರೆಯುವುದಕ್ಕಿಂತ ಕಂಡದ್ದನ್ನು ಬರೆಯುವುದು ಮೇಲು.

ಇದನ್ನು ಕನ್ನಡದಲ್ಲಿ ಬರೆಯಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಅಭಿಮಾನವೊಂದೇ ಕಾರಣವಲ್ಲ. ಗಡಿನಾಡಿನ ನಮ್ಮ ಮಕ್ಕಳಿಗೆ ಕನ್ನಡವು ಪಾಠಪುಸ್ತಕದ ಭಾಷೆಯಾಗಿ, ಮನೆಯ ಮಾತಾಗಿ ಉಳಿದಿದೆ. ಹೊಸದನ್ನು ಕಂಡು, ಅಳೆದು, ಹೋಲಿಸಿ ಬರೆಯುವ ಭಾಷೆಯಾಗಿ ಅದನ್ನು ಬಳಸುವ ಅವಕಾಶ ಕಡಿಮೆ. ಕೆರೆಯ ಪುಸ್ತಕ ಆ ಅವಕಾಶವನ್ನು ಒದಗಿಸುತ್ತದೆ. ಜೊತೆಗೆ ತಮಿಳಿನಲ್ಲಿಯೋ ಮಲಯಾಳದಲ್ಲಿಯೋ ಮರಾಠಿಯಲ್ಲಿಯೋ ಆ ಹಕ್ಕಿಗೆ ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳಲಿ. ಕೇಳುವುದಕ್ಕೆ ಮೀನುಗಾರರಿದ್ದಾರೆ, ಕುರಿ ಕಾಯುವವರಿದ್ದಾರೆ, ಅಜ್ಜ ಅಜ್ಜಿಯರಿದ್ದಾರೆ. ನಮ್ಮಲ್ಲಿನ ಹಿರಿಯರು ಹೇಳುವ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲದಿರಬಹುದು. ಅದನ್ನು ಅವರು ಹೇಳಿದಂತೆಯೇ, ಯಾವ ಊರಿನವರೆಂಬುದರೊಂದಿಗೆ ಬರೆದುಕೊಳ್ಳಬೇಕು. ಅವರ ನಂತರ ಕೇಳಲು ಯಾರೂ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಊರಿಗೆ ಹೊರಡುವ ಮುನ್ನ ನಾವು ಮತ್ತೊಮ್ಮೆ ಸಿಂಗಾನಲ್ಲೂರು ಕೆರೆಗೆ ಹೋದೆವು. ಈ ಸಲ ಮಕ್ಕಳೆಲ್ಲ ಏರಿಯ ಮೇಲಿನ ಮರದ ನೆರಳಿನಲ್ಲಿ ಸಾಲಾಗಿ ಕುಳಿತರು. ಹಿಂದಿನ ದಿನ ಓಡಿದ ಹುಡುಗನೇ ಎಣಿಕೆಯ ಮುಂದಾಳು. ಅರ್ಧ ಗಂಟೆಯ ಬಳಿಕ ಚುಕ್ಕೆ ಕೊಕ್ಕಿನ ಬಾತುಗಳು ಜೊಂಡಿನ ಮರೆಯಿಂದ ಒಂದೊಂದಾಗಿ ಹೊರಬಂದವು. ಮೂವರ ಎಣಿಕೆ 41, 43, 46 ಎಂದು ಬಂದಿತು. ಚಿತ್ರವನ್ನೂ ತೆಗೆದ, ಬಾತುಗಳು ಅದರಲ್ಲಿ ಬಹಳ ಚಿಕ್ಕವು, ಆದರೆ ಎಲ್ಲವೂ ತಲೆ ತಗ್ಗಿಸಿ ಮೇಯುತ್ತಿದ್ದವು. ಅವನ ಪುಸ್ತಕದ ಕೊನೆಯ ಕಲಮಿನಲ್ಲಿ "ಹಾರಲಿಲ್ಲ" ಎಂದಿದೆ.

ಈ ಬರಹವನ್ನು ಓದಿದ ತಾಳವಾಡಿ, ಹೊಸೂರು, ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದೆಡೆಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬರುವ ಜನವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಕ್ಕಳೊಂದಿಗೆ ನಿಮ್ಮೂರ ಕೆರೆಯ ಏರಿಯ ಮೇಲೆ ಒಂದು ಗಂಟೆ ಕುಳಿತುಕೊಳ್ಳಿರಿ. ಎಣಿಸಿರಿ, ಬರೆಯಿರಿ, ಆಮೇಲೆ ಚಿತ್ರ ತೆಗೆಯಿರಿ. ಮುಂದಿನ ಜನವರಿಯಲ್ಲಿ ಅದೇ ಕೆರೆಗೆ ಅದೇ ಪುಸ್ತಕದೊಂದಿಗೆ ಮತ್ತೆ ಹೋಗಿರಿ.